ಜಹ್ರಾದ ದಲಾಲ್ ಮತ್ತು ತಲುಪದ ಗಂಟೆ

ಬೆಳಗಿನ ನಾಲ್ಕು ಐವತ್ತು. ಕೊಲ್ಲಿ ದೇಶದ ಜಹ್ರಾ ಪಟ್ಟಣದ ಬೀದಿದೀಪಗಳು ಇನ್ನೂ ಆರಿಲ್ಲ. ಜೂನ್ ತಿಂಗಳ ಗಾಳಿ ಮಾತ್ರ ಈಗಲೇ ಒಲೆಯ ಬಾಯಿಂದ ಬಂದ ಹಾಗಿದೆ. ಒಂದು ದೊಡ್ಡ ಮನೆಯ ಹಿಂದಿನ ಕೋಣೆಯಲ್ಲಿ ದಲಾಲ್ ಮಂಡಿಯೂರಿ ಕೂತು, ಮಂಚದ ಪಟ್ಟಿಗೆ ಅಂಟಿಸಿರುವ ಬಿಳಿ ಗುಂಡಿಯನ್ನು ಒತ್ತುತ್ತಾರೆ. ದೂರದ ಅಡುಗೆಮನೆಯಲ್ಲಿ ‘ಟಿಂಗ್ ಟಾಂಗ್’. ಮನಸ್ಸಿನಲ್ಲೇ ಹತ್ತು ಎಣಿಸಿ ಮತ್ತೆ ಒತ್ತುತ್ತಾರೆ. ಟಿಂಗ್ ಟಾಂಗ್. ಹೀಗೆ ಇಪ್ಪತ್ತು ಸಲ. ಇಪ್ಪತ್ತು ಸಲವೂ ಗಂಟೆ ಒಳ್ಳೆಯ ಹುಡುಗನ ಹಾಗೆ ಹಾಜರಿ ಹಾಕುತ್ತದೆ.

“ಹಾಳಾದ್ದು, ಸರಿಯಾಗೇ ಇದೆ,” ಎಂದು ದಲಾಲ್ ಗೊಣಗುತ್ತಾರೆ.

ರಿಪೇರಿಯವರಿಗೆಲ್ಲ ಕೆಟ್ಟ ಯಂತ್ರದ್ದು ತಲೆನೋವು. ಇವತ್ತು ದಲಾಲ್‌ಗೆ ಕೆಡದೇ ಇರುವ ಯಂತ್ರದ್ದು. ಗಂಟೆಯಲ್ಲಿ ದೋಷವಿಲ್ಲ ಅಂದರೆ ದೋಷ ಮನುಷ್ಯರದ್ದಾಗುತ್ತದೆ. ಆ ಮನುಷ್ಯರು ಅಡುಗೆಮನೆಯ ಬಾಗಿಲಲ್ಲಿ ಹಗ್ಗ ಬಿಗಿದ ಒಂದು ಸೂಟ್‌ಕೇಸಿನ ಪಕ್ಕ ನಿಂತಿದ್ದಾರೆ. ಹೆಸರು ಸುಮನಾವತಿ, ವಯಸ್ಸು ನಲವತ್ತಾರು, ಊರು ಶ್ರೀಲಂಕಾದ ಕುರುನೇಗಲ. ಆರು ವರ್ಷದಿಂದ ಈ ಮನೆಯಲ್ಲೇ ಕೆಲಸ. ಒಂಬತ್ತು ಗಂಟೆಗೆ ಮನೆಯ ಮಗ ಗಾಜಿ ಇವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಕರೆತಂದ ಏಜೆನ್ಸಿಯ ಕಚೇರಿಗೆ ವಾಪಸ್ ಒಪ್ಪಿಸುವುದು ಎಂದು ನಿನ್ನೆಯೇ ತೀರ್ಮಾನವಾಗಿದೆ. ಅಪರಾಧ: ಗಂಟೆ ಹೊಡೆದರೂ ಏಳಲಿಲ್ಲ.

ಮಂಚದ ಮೇಲಿರುವವರು ಗಾಜಿಯ ತಾಯಿ. ಊರಿಗೆಲ್ಲ ಉಮ್ಮು ಗಾಜಿ. ಲಕ್ವ ಹೊಡೆದು ಎಡಗಡೆ ಬಿದ್ದುಹೋಗಿದೆ, ಮಾತೂ ಹೋಗಿದೆ. ಬಲಗೈ ಒಂದು ಆಡುತ್ತದೆ. ಆ ಕೈಗೆ ಎಟುಕುವ ಹಾಗೆ ಈ ಗುಂಡಿ. ಎರಡು ವಾರದಲ್ಲಿ ನಾಲ್ಕು ಸಲ ಅವರು ಒತ್ತಿದ್ದಾರೆ, ಯಾರೂ ಬಂದಿಲ್ಲ. ಮೊನ್ನೆ ಶುಕ್ರವಾರವಂತೂ ಅರ್ಧ ಮೈ ಮಂಚದಿಂದ ಜಾರಿ, ಗೋಡೆಗೂ ಮಂಚಕ್ಕೂ ನಡುವೆ ತೋಳು ಸಿಕ್ಕಿಕೊಂಡು, ಒಂದು ಗಂಟೆ ನಲವತ್ತು ನಿಮಿಷ ಹಾಗೇ ತೂಗಾಡಿದ್ದಾರೆ. ತೋಳು ಇವತ್ತಿಗೂ ಬದನೆಕಾಯಿಯ ಬಣ್ಣ.

ಇಲ್ಲಿ ದಲಾಲ್ ಬಗ್ಗೆ ಎರಡು ಮಾತು. ಹೆಸರು ಕೇಳಿ ಮನೆ ಮಾರಿಸುವವರು ಎಂದಾಗಲಿ, ಗಂಡಸು ಎಂದಾಗಲಿ ಅಂದುಕೊಳ್ಳಬೇಡಿ. ಇಲ್ಲಿನ ಮಾತಿನಲ್ಲಿ ದಲಾಲ್ ಅಂದರೆ ಮುದ್ದು, ಲಾಲನೆ. ಅದನ್ನು ಅವರ ಬದುಕಿನಲ್ಲಿ ಮಾತ್ರ ಹುಡುಕಬೇಡಿ. ಜಹ್ರಾದ ಅಂಚಿನ ತೈಮಾದಲ್ಲಿ ಹುಟ್ಟಿದವರು. ಬಿದೂನ್. ಅಂದರೆ ಅಜ್ಜನ ಕಾಲದಿಂದ ಇದೇ ಮರಳಿನಲ್ಲಿದ್ದರೂ ಯಾವ ದೇಶದ ಕಾಗದವೂ ಇಲ್ಲದವರು. ಅಪ್ಪ ಇದೇ ದೇಶದ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಟ್ಯಾಂಕರ್ ಓಡಿಸಿದರು. ಸತ್ತಾಗ ಮರಣಪತ್ರಕ್ಕೆ ಏಳು ತಿಂಗಳು ಅಲೆದಾಟ. ದಲಾಲ್‌ರ ಮಗಳಿಗೀಗ ಒಂಬತ್ತು ವರ್ಷ, ಜನನಪತ್ರ ಇನ್ನೂ ಬಂದಿಲ್ಲ. “ನಮ್ಮನೇಲಿ ಸತ್ತವರೂ ಸತ್ತಿರಲಿಲ್ಲ, ಹುಟ್ಟಿದವರೂ ಹುಟ್ಟಿಲ್ಲ. ಮಧ್ಯದಲ್ಲಿರೋ ನಾನು ಮಾತ್ರ ದುಡೀತಿದೀನಿ,” ಎನ್ನುತ್ತಾರೆ ದಲಾಲ್. ನಗುತ್ತಾ ಹೇಳಿದರೇ ಎಂದು ನೋಡಿದರೆ, ಇಲ್ಲ.

ಎಂಜಿನಿಯರಿಂಗ್ ಓದುವ ಆಸೆಯಿತ್ತು, ಅರ್ಜಿ ತೆಗೆದುಕೊಳ್ಳುವವರಿರಲಿಲ್ಲ. ಅಣ್ಣನ ಮೊಬೈಲ್ ಅಂಗಡಿಯ ಹಿಂಬದಿಯಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತರು. ಈಗ ಹನ್ನೊಂದು ವರ್ಷದಿಂದ, ಮನೆಗಳಿಗೆ ಸ್ಮಾರ್ಟ್ ಉಪಕರಣ ಹಾಕಿಕೊಡುವ ಒಂದು ಕಂಪನಿಗೆ ದುಡಿಯುತ್ತಾರೆ. ಕಂಪನಿಯ ನೌಕರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆದರೆ ಪ್ರತಿ ದೂರಿನ ಚೀಟಿಯ ಕೆಳಗೆ ‘ಒಳಮನೆಯ ಕೆಲಸ: ದಲಾಲ್’ ಎಂದು ಇದ್ದೇ ಇರುತ್ತದೆ. ಹೆಂಗಸರಷ್ಟೇ ಇರುವ ಹೊತ್ತಿನಲ್ಲಿ ಗಂಡಸು ತಂತ್ರಜ್ಞ ಒಳಬಾಗಿಲು ದಾಟುವಂತಿಲ್ಲ. ದಾಟಬಲ್ಲವರು ಇಡೀ ಕಂಪನಿಯಲ್ಲಿ ಇವರೊಬ್ಬರೇ.

ದಿನಕ್ಕೆ ಐದಾರು ಮನೆ. ಚೀಲದಲ್ಲಿ ಅರವತ್ತು ಗುಂಡು ಬ್ಯಾಟರಿ, ಹದಿನೈದು ಮೀಟರ್ ವೈರು, ಒಂದು ಅಂಟುಪಟ್ಟಿ, ಮನೆಯೊಳಗೆ ಹಾಕಿಕೊಳ್ಳಲು ತನ್ನದೇ ಒಂದು ಜೊತೆ ಚಪ್ಪಲಿ. ಹೋದ ವರ್ಷ ಮುಟ್ಟಿದ ಗಂಟೆ, ದೀಪ, ಬೀಗ, ಹೊಗೆಪತ್ತೆ ಯಂತ್ರಗಳು ಎರಡು ಸಾವಿರದ ಮುನ್ನೂರು ಚಿಲ್ಲರೆ. ಮೊದಲ ಭೇಟಿ ಯಾವಾಗಲೂ ನಸುಕಿನಲ್ಲೇ. “ಆಗ ಅಕ್ಕಪಕ್ಕದ ಮನೆಯವರ ಫೋನು, ಟೀವಿ ಎಲ್ಲ ಮಲಗಿರುತ್ತೆ. ಗಾಳಿ ಖಾಲಿ. ಸಿಗ್ನಲ್ ಅಲ್ಲಿ ಒಂಟಿಯಾಗಿ ಓಡಾಡ್ತಿರುತ್ತೆ, ಎಲ್ಲಿ ಕುಂಟುತ್ತೆ ಅಂತ ಗೊತ್ತಾಗುತ್ತೆ.” ದೂರು ಕೊಡುವವರ ದನಿಗಳನ್ನೆಲ್ಲ ಅವರು ಬಾಯಿಪಾಠ ಮಾಡಿದ್ದಾರೆ. ಮೂಗಿನಿಂದ ಮಾತಾಡುವ ಹಾಜಿ ಸಾಹೇಬರು: “ನೋಡಮ್ಮಾ, ನಿನ್ನೆವರೆಗೂ ಚೆನ್ನಾಗಿತ್ತು, ನಾವಂತೂ ಏನೂ ಮುಟ್ಟಿಲ್ಲ.” ಮರುಕ್ಷಣವೇ ತನ್ನ ದನಿಯಲ್ಲಿ: “ಏನೂ ಮುಟ್ಟಿಲ್ಲ ಅನ್ನೋ ಮನೇಲಿ ಮೂರು ಕಡೆ ಬೆರಳಚ್ಚು ಇರುತ್ತೆ.”

ಈ ಮನೆಯ ದೂರು ಹಬ್ಬಿನದ್ದು. ಮನೆಯ ಗುಂಡಿ, ಗಂಟೆ, ದೀಪಗಳೆಲ್ಲ ಒಂದಕ್ಕೊಂದು ನೇರವಾಗಿ ಮಾತಾಡುವುದಿಲ್ಲ. ಎಲ್ಲದರ ಮಾತೂ ಹಬ್ ಎಂಬ ಅಂಗೈ ಅಗಲದ ಡಬ್ಬಿಗೆ ಹೋಗಿ, ಅಲ್ಲಿಂದ ಅಪ್ಪಣೆಯಾಗಿ ಹೊರಡಬೇಕು. ಹಳೆಯ ಹಬ್ ಏಳು ವರ್ಷ ನಡುಮನೆಯ ಮೆಟ್ಟಿಲ ಕೆಳಗೆ ತಣ್ಣಗೆ ಕೂತಿತ್ತು. ಕಳೆದ ತಿಂಗಳು ಕಂಪನಿಯವರು ಅಪ್‌ಗ್ರೇಡ್ ಎಂದರು. ಹೊಸ ಹಬ್ ಬಂದ ದಿನ ಮನೆಯಲ್ಲಿ ಹಬ್ಬ, ಆಮೇಲೆ ಬರೀ ವೈಫೈಯ ವೈಫಲ್ಯ. ಹಾಕಲು ಬಂದವರು ಮೂವರು ಗಂಡಸರು. ಗಾಜಿ ಕಚೇರಿಯಲ್ಲಿದ್ದ, ಒಳಗೆ ಹೆಂಗಸರಿದ್ದರು. ಆದ್ದರಿಂದ ಅವರು, ಗಂಡಸರು ಕೂತು ಹರಟುವ ಹೊರಕೋಣೆ ದಿವಾನಿಯಾದಲ್ಲೇ, ಟೀವಿಯ ಪಕ್ಕ, ವೈಫೈ ಡಬ್ಬಿಗೆ ಒರಗಿಸಿ ಹಬ್ ಇಟ್ಟರು. ಫೋನಿನ ಪರದೆಯಲ್ಲಿ ಎಲ್ಲ ಹಸಿರು ತೋರಿಸಿತು. ಚಹಾ ಕುಡಿದು ಹೋದರು.

“ಅವರನ್ನ ಬೈಯೋಕೂ ಆಗಲ್ಲ,” ಎನ್ನುತ್ತಾರೆ ದಲಾಲ್. “ಬಾಗಿಲು ದಾಟೋ ಹಾಗಿಲ್ಲ, ಎಟುಕಿದ ಕಡೆ ಇಟ್ರು. ನನ್ನನ್ನೇ ಮೊದಲು ಕಳಿಸಬಹುದಿತ್ತಲ್ಲ ಅಂದ್ರೆ ಮ್ಯಾನೇಜರ್ ಏನಂತಾರೆ ಗೊತ್ತಾ?” ಗಂಟಲು ದಪ್ಪ ಮಾಡಿಕೊಂಡು, ಕಾಲ್ಪನಿಕ ಹೊಟ್ಟೆಯ ಮೇಲೆ ಕೈಯಿಟ್ಟು: “ದಲಾಲ್, ನೀನು ವಿಶೇಷ ತಜ್ಞೆ. ಕೆಟ್ಟ ಮೇಲೆ ಕಳಿಸೋದಕ್ಕೇ ಇಟ್ಕೊಂಡಿರೋದು.”

ಮತ್ತೆ ಕೋಣೆಗೆ. ಇಪ್ಪತ್ತನೆಯ ಟಿಂಗ್ ಟಾಂಗ್ ಮುಗಿಯುವಾಗ ಬದ್ರಿಯಾ ಬಾಗಿಲಲ್ಲಿದ್ದಾರೆ. ಉಮ್ಮು ಗಾಜಿಯ ಹಿರಿಯ ಮಗಳು, ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಮುಖ್ಯೋಪಾಧ್ಯಾಯಿನಿ, ಗಂಡ ತೀರಿಕೊಂಡ ಮೇಲೆ ತಾಯಿಯ ಜೊತೆ ಇರುವವರು.

“ಕೇಳಿಸ್ತಾ?” ಎನ್ನುತ್ತಾರೆ ಬದ್ರಿಯಾ. “ಗಂಟೆಗೆ ಏನೂ ಆಗಿಲ್ಲ. ನಾನು ಪ್ರತಿಸಲ ಆಮೇಲೆ ಬಂದು ಒತ್ತಿ ನೋಡಿದೀನಿ. ಪ್ರತಿಸಲ ಹೊಡೀತು. ನನ್ನ ಕೈಗೆ ಹೊಡಿಯೋ ಗಂಟೆ ನಮ್ಮಮ್ಮನ ಕೈಗೆ ಹೊಡಿಯಲ್ವಾ?”

ಸುಮನಾವತಿ ನೆಲ ನೋಡುತ್ತಾರೆ. “ನಿದ್ದೆ ಇಲ್ಲ, ಮೇಡಂ. ಆ ದಿನ ದೊಡ್ಡ ಪಾತ್ರೆ ಅನ್ನ. ಇಪ್ಪತ್ತು ಜನ. ನಾನು ಮಲಗಿದ್ರೆ ಆ ಅನ್ನ ಯಾರು ಬೇಯಿಸಿದ್ದು?”

“ಅದಕ್ಕೇ ಹೇಳೋದು. ಎದ್ದಿದ್ದೂ ಬರಲಿಲ್ಲ. ಅದು ಇನ್ನೂ ಕೆಟ್ಟದ್ದು.”

ದಲಾಲ್ ಗುಂಡಿಯ ಅಂಟು ಪರೀಕ್ಷಿಸುತ್ತಾರೆ. ಇಂಥ ಮಾತಿನ ನಡುವೆ ಬಾಯಿ ಹಾಕಿದರೆ ಚೀಲ ಎತ್ತಿಕೊಂಡು ಹೊರಡಬೇಕಾಗುತ್ತದೆ ಎಂಬುದು ಹನ್ನೊಂದು ವರ್ಷದ ಪಾಠ. ಅಷ್ಟರಲ್ಲಿ ಮಂಚದಿಂದ ಒಂದು ಸದ್ದು. ಉಮ್ಮು ಗಾಜಿ ತಲೆ ಅಲ್ಲಾಡಿಸುತ್ತಿದ್ದಾರೆ. ಬಲಗೈ ಎತ್ತಿ, ತೋರುಬೆರಳಿನಿಂದ ಮೂಗನ್ನು ಬಡಿದುಕೊಳ್ಳುತ್ತಾರೆ. ಒಮ್ಮೆ, ಎರಡು ಸಲ, ಮೂರು ಸಲ.

“ಎರಡು ವಾರದಿಂದ ಇದೇ,” ಎನ್ನುತ್ತಾರೆ ಬದ್ರಿಯಾ. “ಇವಳ ಮೈ ನಾತ ಅಂತ. ದಿನಕ್ಕೆರಡು ಸಲ ಸ್ನಾನ ಮಾಡು ಅಂದೆ. ಮಾಡ್ತಾಳೋ ಇಲ್ವೋ.”

ಸುಮನಾವತಿ ಎರಡು ವಾರದಲ್ಲಿ ಮೂರು ಸೋಪು ಬದಲಿಸಿದ್ದಾರೆ. ಇದನ್ನು ಅವರು ಈಗ ಹೇಳುವುದಿಲ್ಲ. ಆಮೇಲೆ ಗೊತ್ತಾದದ್ದು.

ದಲಾಲ್ ಮಂಚದ ಹತ್ತಿರ ಬಾಗುತ್ತಾರೆ. “ಅಮ್ಮಾ, ವಾಸನೆನಾ? ಇವರದ್ದಾ?”

ಇಲ್ಲ ಎಂದು ತಲೆ ಆಡುತ್ತದೆ. ಕಣ್ಣು ಕೋಪದಿಂದ ಒದ್ದೆಯಾಗಿದೆ. ಮುದುಕಿ ಬೆರಳಿನಿಂದ ಗುಂಡಿಯನ್ನು ತೋರಿಸುತ್ತಾರೆ. ಆಮೇಲೆ ತಲೆವಸ್ತ್ರದ ಅಂಚನ್ನು ಹಿಡಿದು ಮುಖದ ಮುಂದೆ ಸಣ್ಣ ಡೇರೆಯ ಹಾಗೆ ಎತ್ತಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಾರೆ.

ಈ ಊರಿನಲ್ಲಿ ಆ ಭಂಗಿ ಗೊತ್ತಿಲ್ಲದವರಿಲ್ಲ. ಅತಿಥಿಗಳ ಮುಂದೆ ಧೂಪ ಬಂದಾಗ ಹೆಂಗಸರು ಹೊಗೆಯನ್ನು ತಲೆವಸ್ತ್ರದೊಳಗೆ ಹಿಡಿದುಕೊಳ್ಳುವುದು ಹೀಗೇ.

“ಊದಿನ ಧೂಪ,” ಎನ್ನುತ್ತಾರೆ ದಲಾಲ್.

ಮುದುಕಿಯ ಕೈ ಹಾಸಿಗೆಯ ಮೇಲೆ ಬೀಳುತ್ತದೆ. ಎರಡು ವಾರ ಹೊತ್ತದ್ದನ್ನು ಇಳಿಸಿದ ಹಾಗೆ.

“ಅಕ್ಕ, ಗಂಟೆ ಹೊಡಿಯದೇ ಇದ್ದ ನಾಲ್ಕು ದಿನವೂ ಮನೆಗೆ ಜನ ಬಂದಿದ್ರಾ?”

ಬದ್ರಿಯಾ ಯೋಚಿಸುತ್ತಾರೆ. ಎರಡು ಶುಕ್ರವಾರ. ಒಂದು ಮಂಗಳವಾರ, ಸೋದರತ್ತೆ ಬಂದದ್ದು. ಇನ್ನೊಂದು ದಿನ ಗಾಜಿಗೆ ಹೆಣ್ಣು ಕೊಡುವ ಕಡೆಯವರು. “ಬಂದಿದ್ರು. ಅದಕ್ಕೇನೀಗ?”

“ಧೂಪ ಎಲ್ಲಿ ಹಚ್ತೀರ?”

ಓಣಿಯಲ್ಲಿ. ದಿವಾನಿಯಾಕ್ಕೂ ನಡುಮನೆಗೂ ಮಧ್ಯೆ ಹಾದುಹೋಗುವ, ಕಲ್ಲು ಹೊದೆಸಿದ ಓಣಿಯಲ್ಲಿ ಒಂದು ಗೂಡು. ಗೂಡಿನಲ್ಲಿ ಕರೆಂಟಿನ ಧೂಪದಾನಿ. ಅದರ ಮೇಲೆ ಒಂದೇ ಒಂದು ಸಾಕೆಟ್ಟು. ಸಾಕೆಟ್ಟಿನಲ್ಲಿ ಈಗ ಬಿಳಿಯ ಸ್ಮಾರ್ಟ್ ಪ್ಲಗ್ ಕೂತಿದೆ, ಯಾರಿಗೂ ಬೇಡದ ವಸ್ತುವಿನ ಹಾಗೆ. ಅದರಿಂದ ಯಾವ ದೀಪವೂ ಉರಿಯುವುದಿಲ್ಲ, ಯಾವ ಫ್ಯಾನೂ ತಿರುಗುವುದಿಲ್ಲ. ಆದರೆ ಮುದುಕಿಯ ಗುಂಡಿಯೊಳಗಿನ ಬ್ಯಾಟರಿಯ ಸಣ್ಣ ಕೂಗು ಅಷ್ಟು ದೂರ, ಅಷ್ಟು ಗೋಡೆ ದಾಟಿ ಹಬ್ಬಿನವರೆಗೆ ಹೋಗಲಾರದು. ಈ ಪ್ಲಗ್ ಅದನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಹಬ್ ಮೆಟ್ಟಿಲ ಕೆಳಗಿದ್ದಾಗ ಈ ಸಹಾಯ ಬೇಕಿರಲಿಲ್ಲ. ಹಬ್ ದಿವಾನಿಯಾಕ್ಕೆ ಹೋದ ಮೇಲೆ ಇದೊಂದೇ ಸೇತುವೆ.

ದಲಾಲ್ ಪ್ಲಗ್ ಕಿತ್ತು, ಧೂಪದಾನಿಯ ವೈರನ್ನು ಸಿಕ್ಕಿಸುತ್ತಾರೆ. “ಅಕ್ಕ, ನೀವು ಅಡುಗೆಮನೇಲಿ ನಿಂತ್ಕೊಳ್ಳಿ. ಸುಮನಾವತಿಯವರೇ, ನೀವೂ ಅಲ್ಲೇ ಇರಿ.”

ಗುಂಡಿ ಒತ್ತುವವರು ಉಮ್ಮು ಗಾಜಿಯೇ. ಒತ್ತುತ್ತಾರೆ. ಗುಂಡಿಯ ಅಂಚಿನಲ್ಲಿ ಕೆಂಪು ಚುಕ್ಕೆ ಮೂರು ಸಲ ಮಿಣುಕಿ ಆರುತ್ತದೆ. ಅಡುಗೆಮನೆಯಲ್ಲಿ ಫ್ರಿಜ್ಜಿನ ಗುಂಯ್ ಬಿಟ್ಟರೆ ಏನೂ ಇಲ್ಲ. ಮತ್ತೆ ಒತ್ತುತ್ತಾರೆ. ಕೆಂಪು. ಮತ್ತೆ. ಮುದುಕಿ ನಿಲ್ಲಿಸುವುದೇ ಇಲ್ಲ, ಮಗಳಿಗೆ ಕೇಳಿಸಬೇಕು ಎನ್ನುವ ಹಾಗೆ ಒತ್ತುತ್ತಲೇ ಇದ್ದಾರೆ. ಕೇಳಿಸದೇ ಇರುವುದೇ ಇವತ್ತಿನ ಸಾಕ್ಷಿ.

ಆ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡದೆ ನಾಲ್ಕು ನಿಮಿಷ ನಿಂತಿದ್ದಾರೆ.

ಪ್ಲಗ್ ಕಿತ್ತವರು ಯಾರು ಎಂಬ ಪ್ರಶ್ನೆಯನ್ನು ದಲಾಲ್ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಈ ಮನೆಯಲ್ಲಿ ನೆಲ ಒರೆಸುವುದು, ಮೀನು ಕೊಯ್ಯುವುದು, ಮುದುಕಿಯ ಮೈ ತೊಳೆಯುವುದು ಎಲ್ಲ ಕೆಲಸದವರ ಪಾಲು. ಧೂಪ ಮಾತ್ರ ಮನೆಯೊಡತಿಯ ಕೈಯಿಂದಲೇ ಆಗಬೇಕು. ಊದಿನ ಕಟ್ಟಿಗೆ ಚೂರಿನ ಡಬ್ಬಿಗೆ ಬೀಗ, ಬೀಗದಕೈ ಬದ್ರಿಯಾರ ಸೊಂಟದಲ್ಲಿ. ಅತಿಥಿಗಳು ಬರುವ ಮುಂಚೆ ಪ್ಲಗ್ ಕಿತ್ತವರೂ ಅವರೇ, ಎಲ್ಲರೂ ಹೋದ ಮೇಲೆ ಅಚ್ಚುಕಟ್ಟಾಗಿ ವಾಪಸ್ ಸಿಕ್ಕಿಸಿದವರೂ ಅವರೇ. ಆಮೇಲೆ ಹೋಗಿ ಗುಂಡಿ ಒತ್ತಿ ನೋಡಿದ್ದಾರೆ. ಹೊಡೆದಿದೆ.

ಏಳೂಕಾಲರ ಹೊತ್ತಿಗೆ ಹಬ್ ಮತ್ತೆ ಮೆಟ್ಟಿಲ ಕೆಳಗೆ ಬಂದಿದೆ. ಹದಿನೈದು ಮೀಟರ್ ವೈರು ಗೋಡೆಯ ಬುಡದಲ್ಲಿ ಎಳೆದಾಗಿದೆ. ವೈಫೈಯೂ ಹಬ್ಬೂ ಒಂದೇ ದಾರಿಯಲ್ಲಿ ಡಿಕ್ಕಿ ಹೊಡೆಯದಂತೆ ಹಬ್ಬಿನ ಚಾನೆಲ್ ಬದಲಾಗಿದೆ. ಓಣಿಯ ಪ್ಲಗ್ ಈಗ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆದರೂ ಅದರ ಮೇಲೆ ದಲಾಲ್ ಅಂಟುಪಟ್ಟಿ ಹಚ್ಚಿ ಬರೆಯುತ್ತಾರೆ: ‘ಕೀಳಬೇಡಿ’.

ಗಾಜಿ ಏಳೂವರೆಗೆ ಕೆಳಗೆ ಇಳಿದು ಬಂದು ಸಂಗತಿ ಕೇಳಿ, ಕಾರಿನ ಕೀಲಿಯನ್ನು ಮೇಜಿನ ಮೇಲೆ ಇಡುತ್ತಾನೆ. “ಹಾಗಾದ್ರೆ ಸರಿಹೋಯ್ತಲ್ಲ. ಅವಳು ಇರಲಿ ಬಿಡು.”

“ಬೇಡ,” ಎನ್ನುತ್ತಾರೆ ಬದ್ರಿಯಾ.

“ಯಾಕೆ? ಅವಳ ತಪ್ಪಲ್ಲ ಅಂತ ಈಗಷ್ಟೇ...”

“ಗೊತ್ತು, ನಾನೇ ಅಲ್ಲಿ ನಿಂತಿದ್ದೆ. ದಿನಾ ಬೆಳಿಗ್ಗೆ ಎದ್ದು ಅವಳ ಮುಖ ನೋಡ್ಕೊಂಡು ನಾನು ಚಹಾ ಕುಡೀಬೇಕಾ? ಆಗಲ್ಲ, ಗಾಜಿ. ಏಜೆನ್ಸಿಗೂ ಹೇಳಾಗಿದೆ. ಕರ್ಕೊಂಡು ಹೋಗು.”

ಗಾಜಿ ಕೀಲಿಯನ್ನು ನೋಡುತ್ತಾನೆ, ಅಕ್ಕನನ್ನು ನೋಡುತ್ತಾನೆ. ಮತ್ತೆ ಕೀಲಿ ಕೈಗೆ ತೆಗೆದುಕೊಳ್ಳುತ್ತಾನೆ. ಸುಮನಾವತಿಗೆ ಅರ್ಥವಾಗಿದೆ. ಅವರು ಸೂಟ್‌ಕೇಸಿನ ಹಗ್ಗ ಬಿಗಿಯಿದೆಯೇ ಎಂದು ಎಳೆದು ನೋಡುತ್ತಾರೆ.

ಅಲ್ಲಿಗೆ ರಿಪೇರಿಯವರ ಕೆಲಸ ಮುಗಿಯಿತು. ದಲಾಲ್‌ರ ಕೆಲಸ ಮುಗಿದಿಲ್ಲ.

ನಾಲ್ಕು ವರ್ಷದ ಕೆಳಗೆ ಇನ್ನೊಂದು ಮನೆಯಲ್ಲಿ ಹೀಗೇ ಆಗಿತ್ತು. ಬಿಸಿಲು ತಡೆಯಲು ಕಿಟಕಿಗಳಿಗೆಲ್ಲ ಅಡುಗೆಯ ಬೆಳ್ಳಿಹಾಳೆ ಅಂಟಿಸಿದ್ದರು. ಮೆಟ್ಟಿಲಿನ ಬಾಗಿಲು ತೆರೆದರೆ ಕೂಗಬೇಕಿದ್ದ ಯಂತ್ರದ ಸಿಗ್ನಲ್ ಆ ಹಾಳೆಗೆ ಬಡಿದು ಹಿಂದಿರುಗುತ್ತಿತ್ತು. ಅಂಬೆಗಾಲಿಡುವ ಮಗು ಮೆಟ್ಟಿಲಿಂದ ಉರುಳಿತು, ಉಳಿಯಲಿಲ್ಲ. ನೋಡಿಕೊಳ್ಳುತ್ತಿದ್ದ ಇಥಿಯೋಪಿಯದ ಹುಡುಗಿ ಅಲ್ಮಾಜ್‌ಳನ್ನು ಅದೇ ವಾರ ವಿಮಾನ ಹತ್ತಿಸಿದರು. ದಲಾಲ್‌ರನ್ನು ಕರೆದದ್ದು ಅದಾದ ಹತ್ತು ದಿನಕ್ಕೆ. ಕಾರಣ ಹೇಳಿದಾಗ ಮನೆಯ ಯಜಮಾನರು ಕಿಟಕಿ ನೋಡಿ, “ಹೋದಳಲ್ಲ, ಇನ್ನೇನು,” ಎಂದರಂತೆ. “ನಾನೂ ಬ್ಯಾಟರಿ ಬದಲಾಯಿಸಿ ಬಂದುಬಿಟ್ಟೆ,” ಎನ್ನುತ್ತಾರೆ ದಲಾಲ್. “ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋಯ್ತು. ಕಾಗದದಲ್ಲಿ ಇಲ್ಲದೇ ಇರೋದು ಆಗೇ ಇಲ್ಲ ಅಂತ ಲೆಕ್ಕ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಅವತ್ತಿನಿಂದ ಅವರು ಕಂಪನಿಯ ಕೆಲಸದ ಚೀಟಿಯಲ್ಲಿ ‘ಇತರೆ’ ಎಂದು ಬೆರಳಗಲ ಬಿಟ್ಟಿರುವ ಜಾಗದಲ್ಲಿ ಎರಡು ಸಾಲು ಬರೆದು, ಮನೆಯವರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಆರೋಪ ಹೊತ್ತವರ ಕೈಗೆ ಕೊಡುತ್ತಾರೆ. ಇವತ್ತು ಬರೆದದ್ದು: ‘ಸುಮನಾವತಿ ಎಚ್ಚರವಿದ್ದರು. ಗುಂಡಿ ಒತ್ತಿದ್ದು ನಿಜ, ಗಂಟೆ ಹೊಡೆಯಲಿಲ್ಲ. ಓಣಿಯ ಪ್ಲಗ್ಗನ್ನು ಮನೆಯವರು ತೆಗೆದಿದ್ದರು.’

ಬದ್ರಿಯಾ ಉತ್ತರಪತ್ರಿಕೆಯ ಹಾಗೆ ಅದನ್ನು ಓದುತ್ತಾರೆ. “ಇಷ್ಟೆಲ್ಲ ಯಾಕೆ? ತಾಂತ್ರಿಕ ಕಾರಣ ಅಂತ ಬರಿ.”

“ತಾಂತ್ರಿಕ ಕಾರಣಕ್ಕೆ ಯಾರೂ ಯಾರನ್ನೂ ವಾಪಸ್ ಕಳಿಸಲ್ಲ, ಅಕ್ಕ.”

“ನೀನು ಯಂತ್ರ ನೋಡೋಕೆ ಬಂದವಳು.”

“ಹೌದು. ಯಂತ್ರ ಏನು ಹೇಳ್ತೋ ಅದನ್ನೇ ಬರೆದಿದೀನಿ.”

“ಸಹಿ ಹಾಕದೇ ಇದ್ರೆ?”

“ಈ ದೂರು ಮುಗಿಯಲ್ಲ. ಕಂಪನೀಲಿ ತೆರೆದೇ ಇರುತ್ತೆ. ವಾರಕ್ಕೊಮ್ಮೆ ನಿಮಗೆ ಫೋನ್ ಬರುತ್ತೆ.” ಇಲ್ಲಿ ದಲಾಲ್, ಕಂಪನಿಯ ಫೋನಿನ ಹುಡುಗಿಯ ಸಕ್ಕರೆದನಿಯನ್ನು ಮುಖದಲ್ಲಿ ನಗುವಿಲ್ಲದೆ ಒಪ್ಪಿಸುತ್ತಾರೆ: “ನಿಮ್ಮ ಮನೆಯ ಗಂಟೆಯ ತೊಂದರೆ ಏನಾಗಿತ್ತು ಅಂತ ದಯವಿಟ್ಟು ವಿವರವಾಗಿ ತಿಳಿಸ್ತೀರಾ?”

ಬದ್ರಿಯಾ ಪೆನ್ನು ತೆಗೆದುಕೊಂಡು ಇನ್ನೊಮ್ಮೆ ಓದುತ್ತಾರೆ. ಆಮೇಲೆ ಸಹಿ ಹಾಕುತ್ತಾರೆ. ಕೆಳಗೆ, ಯಾರೂ ಕೇಳದಿದ್ದರೂ, ತನ್ನ ಪೂರ್ತಿ ಹೆಸರನ್ನು ಬಿಡಿಸಿ ಬರೆಯುತ್ತಾರೆ.

ಇಂಥ ಕಾಗದ ಇದು ಹದಿನೇಳನೆಯದು. ಮೂವರಿಗೆ ಇದರಿಂದ ಬೇರೆ ಮನೆ ಸಿಕ್ಕಿತೆಂದು ದಲಾಲ್‌ಗೆ ಗೊತ್ತು. ಉಳಿದವರ ಸುದ್ದಿಯಿಲ್ಲ. “ಇದನ್ನ ಅಲ್ಲಿ ಓದ್ತಾರಾ?” ಎಂದು ಸುಮನಾವತಿ ಕೇಳುತ್ತಾರೆ. ಸುಮನಾವತಿಯ ಮಾತ್ರೆ ಚೀಟಿಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಮಡಿಸಿ ಇಡುತ್ತಾ ದಲಾಲ್ ಹೇಳುತ್ತಾರೆ, “ಗೊತ್ತಿಲ್ಲ. ಓದಿ ಅಂತ ಹೇಳಿ. ಓದೋವರೆಗೂ ಕುರ್ಚಿ ಬಿಟ್ಟು ಏಳಬೇಡಿ.” ಒಳಗೆ ಹೋಗಿ ಮುದುಕಿಗೆ ಹೇಳಿಬರಲು ಸುಮನಾವತಿಗೆ ಮೂರು ನಿಮಿಷ ಹಿಡಿಯುತ್ತದೆ. ಹೊರಬಂದಾಗ ತೋಳಿನ ಬಟ್ಟೆ ಒಂದೇ ಕಡೆ ಮುದುಡಿದೆ, ಯಾರೋ ಹಿಡಿದು ಬಿಡದೇ ಇದ್ದ ಹಾಗೆ.

ಒಂಬತ್ತಕ್ಕೆ ಕಾರು ಗೇಟು ದಾಟುತ್ತದೆ. ದಲಾಲ್ ಮೆಟ್ಟಿಲ ಕೆಳಗೆ ಕೂತು ಕೊನೆಯ ಬಾರಿ ಸಿಗ್ನಲ್ ಅಳೆಯುತ್ತಿದ್ದಾರೆ. ಎಲ್ಲ ಕಡೆ ಪೂರ್ತಿ. ಆಗ ಅಡುಗೆಮನೆಯಲ್ಲಿ ಟಿಂಗ್ ಟಾಂಗ್. ಅಲ್ಲಿ ಯಾರೂ ಇಲ್ಲ. ಮತ್ತೆ ಟಿಂಗ್ ಟಾಂಗ್. ಬದ್ರಿಯಾ ಓಣಿಯಲ್ಲಿ ನಿಂತಿದ್ದಾರೆ. ದಲಾಲ್‌ಗೆ ಎದ್ದು ಹೋಗುವುದು ಕಷ್ಟವಲ್ಲ, ಹತ್ತು ಹೆಜ್ಜೆ. ಏಳುವುದಿಲ್ಲ. ಕಣ್ಣನ್ನು ಯಂತ್ರದಿಂದ ತೆಗೆಯುವುದೂ ಇಲ್ಲ. ಐದನೆಯ ಸಲ ಹೊಡೆದಾಗ ಬದ್ರಿಯಾರ ಚಪ್ಪಲಿಯ ಸದ್ದು ಹಿಂದಿನ ಕೋಣೆಯ ಕಡೆಗೆ ಹೊರಡುತ್ತದೆ.

ಹೊರಗೆ ಬಿಸಿಲು ಕಾರಿನ ಬಾಗಿಲನ್ನು ಮುಟ್ಟಲಾಗದಂತೆ ಮಾಡಿದೆ. ದಲಾಲ್ ತಲೆವಸ್ತ್ರದ ತುದಿಯಿಂದ ಹಿಡಿ ಹಿಡಿದು ತೆಗೆಯುತ್ತಾರೆ. ಇನ್ನೂ ನಾಲ್ಕು ಮನೆ ಬಾಕಿ. ಏನಾದರೂ ಬದಲಾಗಬೇಕೆನಿಸುವುದುಂಟೇ ಎಂದು ಕೇಳಿದರೆ, ಚೀಲವನ್ನು ಪಕ್ಕದ ಸೀಟಿಗೆ ಹಾಕಿ, ಎಂಜಿನ್ ಶುರು ಮಾಡಿ, ಎಸಿಯನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಾರೆ.

“ಗಂಟೆ ಹೊಡೀದಿದ್ರೆ ಎಲ್ಲರೂ ಮೊದಲು ಏಜೆನ್ಸಿಗೆ ಫೋನ್ ಮಾಡ್ತಾರೆ, ಆಮೇಲೆ ನನಗೆ,” ಎನ್ನುತ್ತಾರೆ. “ಅದನ್ನ ತಿರುಗಿಸಿ ಮಾಡಿದ್ರೆ ಸಾಕು.”